ಹೆಗ್ಗಣ ಅಂದರೆ ಯಾರು?

ಪಾಷಾಣಣ್ಣನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಊರಿನ ಆ ತುದಿಯಲ್ಲಿ ಇರುವವನಿಗೆ ಕೇಳಿಸಬೇಕಾದರೆ ಆ ತುದಿಗೆ ಮುಟ್ಟುವ ಹಾಗೆಯೇ ಕೂಗಬೇಕು ಎಂದು ಅವನು ನಂಬಿದ್ದ. ಅವನು ಫೋನು ಎತ್ತಿದನೆಂದರೆ ಎದುರು ಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸುತ್ತಿದ್ದ, ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಪತ್ರಿಕೆಯನ್ನು ತೊಡೆಯ ಮೇಲೆ ಇಡುತ್ತಿದ್ದರು. ಇಲಿ, ಹೆಗ್ಗಣ, ಜಿರಲೆ, ತಿಗಣೆಗಳನ್ನು ನಿವಾರಿಸುವುದು ಅವನ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಏನೋ ಒಂದು ಇತ್ತು. ಬೀದಿಯವರು ಪಾಷಾಣಣ್ಣ ಎಂದು ಕರೆದೂ ಕರೆದೂ ಆ ಹೆಸರು ಅವನಿಗೇ ಮರೆತುಹೋಗುವಂತಾಗಿತ್ತು.

ಆ ದಿನ ಬೆಳಿಗ್ಗೆ ಅವನು ಸರ್ಕಾರಿ ಧಾನ್ಯದ ಗೋದಾಮಿನ ಗುಮಾಸ್ತನಿಗೆ ಫೋನು ಮಾಡಿದ.

“ಗುಮಾಸ್ತರೇ, ನೀವೇನೂ ಚಿಂತೆ ಮಾಡ್ಬೇಡಿ. ಆ ದೊಡ್ಡ ಹೆಗ್ಗಣ ನಿನ್ನೆ ಕೂದಲೆಳೆ ಅಂತರದಲ್ಲಿ ತಪ್ಪಿಸ್ಕೊಳ್ತು ಅಷ್ಟೆ. ಸರ್ಕಾರದ ಗೋಧಿ ತಿಂದು ತಿಂದು ಹೊಟ್ಟೆ ಹೇಗೆ ಬೆಳೆಸಿದೆ ನೋಡಿದ್ರಾ? ನೆಟ್ಟಗೆ ನಡೆಯೋಕೂ ಆಗಲ್ಲ ಅದಕ್ಕೆ! ಇವತ್ತು ಬಿಡಲ್ಲ. ಎಲ್ಲಿ ಅಡಗಿದೆ ಅಂತ ಗೊತ್ತಾಗಿದೆ. ಅದರ ಎರಡು ಮರಿಗಳನ್ನೂ ಸೇರಿಸಿ ಮುಗಿಸಿಬಿಡ್ತೀನಿ.”

ಆಡಿದ್ದು ಇಷ್ಟೇ ಮಾತು. ಫೋನು ಕೆಳಗಿಟ್ಟು ಅವನು ಚೀಲಕ್ಕೆ ಬೋನು, ಕೈಗವಸು, ಡಬ್ಬಿಗಳನ್ನು ತುಂಬತೊಡಗಿದ.

ಸರ್ಕಾರ ನಮ್ಮ ಮಾತು ಕೇಳುವುದಿಲ್ಲ ಎಂದು ಜನ ಬಹಳ ಕಾಲದಿಂದ ದೂರುತ್ತಿದ್ದರು. ಹಿಂದಿನ ವರ್ಷದಿಂದ ಸರ್ಕಾರ ಕೇಳತೊಡಗಿತ್ತು. ಅದಕ್ಕಾಗಿಯೇ ಜನಶ್ರವಣ ಇಲಾಖೆ ಎಂಬುದೊಂದು ಹುಟ್ಟಿತು. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಆಸ್ಪತ್ರೆಯಲ್ಲಿ ಔಷಧಿ ಇಲ್ಲ ಎಂದು ಬಾಯಿ ಬಾಯಿ ಬಡಿದುಕೊಂಡಾಗ ಕೇಳದಿದ್ದ ಕಿವಿ ಈಗ ಗಂಡ ಹೆಂಡಿರು ಫೋನಿನಲ್ಲಿ ಪಿಸುಗುಟ್ಟಿದರೂ ನಿಮಿರುತ್ತಿತ್ತು. ಜನ ಅದನ್ನು ಕಿವಿ ಇಲಾಖೆ ಎಂದು ಕರೆದರು. ಮನೆಯೊಳಗೆ ಮಾತ್ರ ಹಾಗೆ. ಫೋನಿನಲ್ಲಿ ಎಲ್ಲರೂ ಪೂರ್ತಿ ಹೆಸರು ಹೇಳಿ, ಕೊನೆಗೆ ಒಂದು ‘ಅವರು’ ಕೂಡ ಸೇರಿಸುತ್ತಿದ್ದರು.

ಕಾಯಿದೆ ಬಂದಾಗ ಬೀದಿಯಲ್ಲಿ ಒಬ್ಬನೂ ಚಕಾರ ಎತ್ತಲಿಲ್ಲ. “ಬಚ್ಚಿಡೋಕೆ ಏನೂ ಇಲ್ದೇ ಇದ್ರೆ ಹೆದರೋಕೆ ಏನಿದೆ?” ಎಂದು ಹೆಡ್‌ಮಾಸ್ತರರು ಪಾಠ ಹೇಳುವ ಧಾಟಿಯಲ್ಲಿ ಹೇಳಿದರು. ಎಲ್ಲರೂ ತಲೆಯಾಡಿಸಿದರು, ಪಾಷಾಣಣ್ಣ ಎಲ್ಲರಿಗಿಂತ ಜೋರಾಗಿ ಆಡಿಸಿದ. ಹಾಗಾದರೆ ನಿಮ್ಮ ಮನೆಯ ಬಚ್ಚಲಿಗೆ ಬಾಗಿಲು ಯಾಕಿದೆ ಮಾಸ್ತರೇ ಎಂದು ಕೇಳುವ ಪುಣ್ಯಾತ್ಮ ಅಲ್ಲಿ ಒಬ್ಬನೂ ಇರಲಿಲ್ಲ.

ಪಾಷಾಣಣ್ಣನಿಗೆ ತಲೆಯಾಡಿಸಲು ಇನ್ನೊಂದು ಕಾರಣವೂ ಇತ್ತು. ಅವನ ಒಬ್ಬಳೇ ಮಗಳು ಸರ್ಕಾರಿ ಶಾಲೆಯಲ್ಲಿ ತಾತ್ಕಾಲಿಕ ಟೀಚರು. ಕೆಲಸ ಕಾಯಂ ಆಗುವ ಆದೇಶ ಮರುದಿನ ಬೆಳಿಗ್ಗೆ ಅವಳ ಕೈಗೆ ಬರುವುದಿತ್ತು. ಷರತ್ತು ಒಂದೇ, ಮನೆಯಲ್ಲಿ ಯಾರೂ ‘ಗಮನಿತರು’ ಆಗಿರಬಾರದು. ಗಮನಿತರು ಎಂದರೆ ಕಿವಿ ಇಲಾಖೆಯ ಗಮನಕ್ಕೆ ಬಂದವರು. ತಪ್ಪು ಮಾಡಿರಬೇಕೆಂದೇನೂ ಇಲ್ಲ, ಗಮನಕ್ಕೆ ಬಂದರೆ ಸಾಕು. ಮನೆಯಲ್ಲಿ ಒಬ್ಬ ಗಮನಿತನಿದ್ದರೆ ಆ ಮನೆಯ ಯಾರಿಗೂ ಸರ್ಕಾರದ ಕೆಲಸವಿಲ್ಲ.

ಅವನು ಚೀಲದ ಬಾಯಿ ಕಟ್ಟುವಷ್ಟರಲ್ಲಿ ಜೀಪು ಬಂತು.

ಇಳಿದ ಅಧಿಕಾರಿ ಬಾಗಿಲ ಮೇಲಿನ ಬೋರ್ಡನ್ನು ನಿಂತು ಓದಿದ. ‘ಮನೆ ಬಾಗಿಲಿಗೇ ಬಂದು ನಿರ್ನಾಮ ಮಾಡಲಾಗುವುದು’ ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಅಧಿಕಾರಿ ಅದರ ಫೋಟೋ ತೆಗೆಸಿದ.

“ಪಾಷಾಣ ಅನ್ನೋನು ನೀನೇನಾ?”

“ಹಾಗಂತ ಕರೀತಾರೆ ಸಾರ್. ನಿಜವಾದ ಹೆಸರು ಬೇರೆ ಇದೆ.”

“ಸುಳ್ಳು ಹೆಸರಲ್ಲಿ ಓಡಾಡ್ತೀಯ ಅನ್ನು,” ಎಂದ ಅಧಿಕಾರಿ.

ಅಷ್ಟರಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಸಹಾಯ ಮಾಡಬೇಕೆಂದು ದರ್ಜಿ ಕತ್ತಿನಲ್ಲಿದ್ದ ಅಳತೆಪಟ್ಟಿಯ ಸಮೇತ ಮುಂದೆ ಬಂದ.

“ಸಾರ್, ಇವರು ಒಳ್ಳೇ ಮನುಷ್ಯ. ಇವರ ಮನೇಲಿ ವಿಷ ಇರೋದು ನಮಗೆಲ್ಲಾ ಗೊತ್ತು. ಮುಚ್ಚುಮರೆ ಏನಿಲ್ಲ.”

“ನಿಂಗೆ ಹೇಗೆ ಗೊತ್ತು?”

“ನಮ್ಮನೇಗೂ ಇಟ್ಟಿದ್ರು ಸಾರ್, ಹೋದ ತಿಂಗಳು.”

“ನಿಮ್ಮನೇಗೂ ವಿಷ ಇಟ್ಟಿದ್ನಾ?” ಅಧಿಕಾರಿಯ ಹುಬ್ಬು ಮೇಲೇರಿತು. “ಯಾರಾದ್ರೂ ಸತ್ರಾ?”

“ಎಲ್ಲಾ ಸತ್ವು ಸಾರ್!” ಎಂದು ದರ್ಜಿ ಹೆಮ್ಮೆಯಿಂದ ಹೇಳಿದ.

ಆಮೇಲೆ ದರ್ಜಿ ಎಷ್ಟು ವಿವರಿಸಿದರೂ ಅಧಿಕಾರಿ ಕೇಳಿಸಿಕೊಳ್ಳಲಿಲ್ಲ. ಕಿವಿ ಇಲಾಖೆಗೆ ಬೇಕಾದಷ್ಟೇ ಕೇಳುವ ಅಭ್ಯಾಸ. ಹೆಡ್‌ಮಾಸ್ತರರು ಗೇಟಿನ ಹಿಂದೆ ನಿಂತುಕೊಂಡೇ, “ಹೋಗಿ ಬಾರಪ್ಪಾ. ಬಚ್ಚಿಡೋಕೆ ಏನೂ ಇಲ್ದೇ ಇದ್ರೆ...” ಎಂದು ಶುರು ಮಾಡಿದರು. ಮಾತು ಮುಗಿಯುವುದರೊಳಗೆ ಜೀಪು ಹೊರಟಿತು.

ಪಾಷಾಣಣ್ಣನ ಹೆಂಡತಿ ತರಕಾರಿ ತರಲು ಹೋಗಿದ್ದಳು. ವಾಪಸು ಬಂದವಳಿಗೆ ವಿಷಯ ಹೇಗೆ ತಿಳಿಸುವುದೆಂದು ತೋಚದೆ ದರ್ಜಿ, “ಅಕ್ಕಾ, ನಿಮ್ಮೋರು ಮಾವನ ಮನೆಗೆ ಹೋದ್ರು,” ಎಂದುಬಿಟ್ಟ. “ನಮ್ಮಪ್ಪ ಸತ್ತು ಯಾವ ಕಾಲ ಆಯ್ತು, ಅಲ್ಲಿ ಯಾರಿದಾರೆ ಅಂತ ಹೋದ್ರು?” ಎಂದು ಅವಳು ಬೈದುಕೊಂಡೇ ಒಳಗೆ ಹೋದಳು. ಒಳಗೆ ಡಬ್ಬಿಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು, ಹಾಸಿಗೆ ಬಗೆದಿತ್ತು, ಟ್ರಂಕಿನ ಬಟ್ಟೆಗಳು ನೆಲದ ಮೇಲಿದ್ದವು. ಆಗ ಅವಳಿಗೆ ಯಾವ ಮಾವನ ಮನೆ ಎಂದು ಅರ್ಥವಾಯಿತು.

ಕಿವಿ ಇಲಾಖೆಯ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗಳಿಗೆಲ್ಲ ದಪ್ಪ ಬಟ್ಟೆ ಹೊಡೆದಿದ್ದರು, ಒಳಗಿನ ಮಾತು ಹೊರಗೆ ಹೋಗದಿರಲಿ ಎಂದು. ಊರವರ ಮಾತನ್ನೆಲ್ಲ ಒಳಗೆ ಎಳೆದುಕೊಂಡವರು ತಮ್ಮ ಮಾತನ್ನು ಮಾತ್ರ ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದರು! ಒಂದು ಮೇಜು, ಮೇಜಿನ ಮೇಲೆ ಒಂದು ಯಂತ್ರ, ಮೂಲೆಯಲ್ಲಿ ಟೈಪು ಮಾಡುವ ಹೆಂಗಸು, ತಿರುಗುವಾಗಲೆಲ್ಲ ಕಿರುಗುಟ್ಟುವ ಫ್ಯಾನು. ಅಧಿಕಾರಿ ಗುಂಡಿ ಒತ್ತಿದ. ಪಾಷಾಣಣ್ಣನ ದನಿ ಕೋಣೆ ತುಂಬ ಮೊಳಗಿತು.

“ಇದು ನಿನ್ನ ಮಾತೇ ತಾನೆ?”

“ನಂದೇ ಸಾರ್. ಏನ್ ಸ್ಪಷ್ಟವಾಗಿ ಬಂದಿದೆ! ನಮ್ಮ ಗುಮಾಸ್ತರಿಗೆ ಯಾವಾಗ್ಲೂ ಅರ್ಧ ಮಾತೇ ಕೇಳ್ಸೋದು. ಇನ್ಮೇಲೆ ನಿಮ್ಮನ್ನೇ ಕೇಳಿ ತಿಳ್ಕೊಳ್ಳಿ ಅಂತ ಹೇಳ್ತೀನಿ.”

“ತಮಾಷೆ ಮಾಡ್ತೀಯೇನೋ?”

“ಇಲ್ಲ ಸಾರ್,” ಎಂದ ಪಾಷಾಣಣ್ಣ. ಅವನು ನಿಜವಾಗಿಯೂ ತಮಾಷೆ ಮಾಡಿರಲಿಲ್ಲ.

“ಹೆಗ್ಗಣ ಅಂದ್ರೆ ಯಾರು?”

“ಹೆಗ್ಗಣ ಅಂದ್ರೆ... ಹೆಗ್ಗಣ ಸಾರ್.”

“ಅದು ಅಡ್ಡಹೆಸರು. ಆಸಾಮಿ ಯಾರು ಹೇಳು.”

“ಆಸಾಮಿ ಅಲ್ಲ ಸಾರ್ ಅದು. ಹೇಗೆ ಹೇಳ್ಲಿ ನಿಮಗೆ... ಇಲಿಗೆ ದೊಡ್ಡಪ್ಪ ಇದ್ದ ಹಾಗೆ.”

ಅಧಿಕಾರಿ ಟೈಪು ಮಾಡುವವಳ ಕಡೆ ತಿರುಗಿದ. “ಬರ್ಕೊಳ್ಳಿ. ದೊಡ್ಡಪ್ಪ ಅಂತ ಒಬ್ಬ ಇದಾನೆ. ಇಲಿ ಅನ್ನೋನು ಅವನ ತಮ್ಮನ ಮಗ.” ಮತ್ತೆ ಇವನ ಕಡೆ ನೋಡಿ, “ಅವನು ಅಡಗಿರೋದು ಎಲ್ಲಿ?” ಎಂದ.

“ಗೋದಾಮಿನ ಹಿಂದೆ, ಚರಂಡಿ ಪಕ್ಕ ಸಾರ್. ಎರಡು ಬಾಗಿಲು ಇಟ್ಕೊಂಡಿರತ್ತೆ. ನೀವು ಈ ಕಡೆಯಿಂದ ಹೋದ್ರೆ ಅದು ಆ ಕಡೆಯಿಂದ ಪರಾರಿ.”

“ಹೊರಗೆ ಯಾವಾಗ ಬರ್ತಾನೆ?”

“ಕತ್ತಲಾದ ಮೇಲೇ ಸಾರ್. ಬೆಳಕು ಬಿದ್ರೆ ಓಡಿಹೋಗತ್ತೆ. ತಿನ್ನೋದು ಒಂದು ಪಾಲಾದ್ರೆ ಹಾಳು ಮಾಡೋದು ಹತ್ತು ಪಾಲು. ನಾಚಿಕೆ ಅನ್ನೋದೇ ಇಲ್ಲ ಆ ಜಾತಿಗೆ.”

ಟೈಪು ಮಾಡುವವಳಿಗೆ ಕೆಮ್ಮು ಬಂತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಅಧಿಕಾರಿ ಮೇಜು ಗುದ್ದಿದ. “ಸಾಕು ನಿನ್ನ ನಾಟಕ! ಸರ್ಕಾರದ ಗೋಧಿ ತಿನ್ನೋದು, ಹೊಟ್ಟೆ ಬೆಳೆಸಿರೋದು, ನೆಟ್ಟಗೆ ನಡೆಯೋಕೆ ಆಗದೇ ಇರೋದು, ಎರಡು ಮಕ್ಕಳಿರೋದು, ಇದೆಲ್ಲಾ ಮಾನ್ಯ ಆಹಾರ ಸಚಿವರು ಅಂತ ನಮಗೆ ಗೊತ್ತಾಗಲ್ವಾ? ನಾವೇನು ಕಿವೀಲಿ ಹೂವು ಇಟ್ಕೊಂಡು ಕೂತಿದೀವಾ?”

“ಅಯ್ಯಯ್ಯೋ!” ಪಾಷಾಣಣ್ಣ ಸ್ಟೂಲಿನಿಂದ ಎದ್ದೇಬಿಟ್ಟ. “ಸಚಿವರು ಯಾಕೆ ಸಾರ್ ಸರ್ಕಾರದ ಗೋಧಿ ತಿಂತಾರೆ?”

ಬಾಗಿಲ ಬಳಿ ನಿಂತಿದ್ದ ಪೇದೆ ಅವನ ಕಪಾಳಕ್ಕೆ ಒಂದು ಬಿಟ್ಟು ಮತ್ತೆ ಕೂರಿಸಿದ. ಪಾಷಾಣಣ್ಣ ಕೆನ್ನೆ ಹಿಡಿದುಕೊಂಡ. ಅವನನ್ನು ಅಪ್ಪ ಬಿಟ್ಟರೆ ಯಾರೂ ಹೊಡೆದಿರಲಿಲ್ಲ.

“ನಿನ್ನ ಹಣೆಬರಹ ಎಲ್ಲಾ ಇದರೊಳಗಿದೆ,” ಎಂದು ಅಧಿಕಾರಿ ಯಂತ್ರ ತಟ್ಟಿದ. ಒಂದಾದ ಮೇಲೊಂದು ಗುಂಡಿ ಒತ್ತುತ್ತಾ ಹೋದ. ಪಾಷಾಣಣ್ಣ ಡಾಕ್ಟರಿಗೆ ತನ್ನ ಮೂಲವ್ಯಾಧಿಯ ಬಗ್ಗೆ ಹೇಳಿದ್ದು ಬಂತು. ಪೇದೆ ನಕ್ಕ. ಮಗಳು ಶಾಲೆಯಿಂದ ಅಮ್ಮನಿಗೆ ಫೋನು ಮಾಡಿ ಅತ್ತದ್ದು ಬಂತು. ಆಮೇಲೆ ಅವನ ಹೆಂಡತಿ ತನ್ನ ಅಕ್ಕನ ಜೊತೆ ಮಾತಾಡಿದ್ದು ಬಂತು. “ಏನ್ ಮಾಡ್ಲಿ ಅಕ್ಕಾ, ಎಷ್ಟು ತೊಳೆದ್ರೂ ಅವರ ಕೈಯಿಂದ ಆ ಔಷಧಿ ವಾಸನೆ ಹೋಗಲ್ಲ. ಮಲಗುವಾಗ ಆ ಕಡೆ ತಿರುಗ್ತೀನಿ. ಪಾಪ, ಅವರಿಗೆ ಹೇಳೋಕೆ ಮನಸ್ಸು ಬರಲ್ಲ. ನೊಂದ್ಕೋತಾರೆ.”

ಪಾಷಾಣಣ್ಣ ತನ್ನ ಕೈಗಳನ್ನು ನೋಡಿಕೊಂಡು, ಮೆಲ್ಲನೆ ತೊಡೆಯ ಕೆಳಗೆ ಸೇರಿಸಿಕೊಂಡ. ಇಷ್ಟು ವರ್ಷ ಅವಳು ಅವನಿಂದಲೇ ಬಚ್ಚಿಟ್ಟುಕೊಂಡು ಬಂದಿದ್ದ ಮಾತು ಈ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಟೈಪು ಮಾಡುವವಳು ಗೋಡೆ ನೋಡುತ್ತಿದ್ದಳು. ಬಚ್ಚಿಡಲು ಏನೂ ಇಲ್ಲ ಎಂದುಕೊಂಡಿದ್ದವನ ಮನೆಯಲ್ಲಿ ಬಚ್ಚಿಡುವಂಥದ್ದು ಇಷ್ಟೊಂದು ಇತ್ತು. ಅದರಲ್ಲಿ ಒಂದೂ ಅಪರಾಧವಾಗಿರಲಿಲ್ಲ. ಇವರಿಗೆ ಅದನ್ನೆಲ್ಲ ಕೇಳುವ ಅಧಿಕಾರ ಕೊಟ್ಟವರಾದರೂ ಯಾರು? ಕೈಯೆತ್ತಿ ಕಾಯಿದೆ ಮಾಡಿದವರು ಕೆಲವರು, ತಲೆಯಾಡಿಸಿ ಒಪ್ಪಿದವರು ಊರಿಗೆ ಊರೇ.

“ಸರಿ, ಹೇಳಿಕೆ ಮುಗಿಸೋಣ,” ಎಂದ ಅಧಿಕಾರಿ. “ಬರೀರಿ. ಹೆಗ್ಗಣ ಅಂದರೆ ಮಾನ್ಯ ಆಹಾರ ಸಚಿವರು.”

ಟೈಪು ಮಾಡುವವಳ ಬೆರಳು ನಿಂತಿತು. “ಸಾರ್, ಹಾಗಂತ ಹೇಳಿದ್ದು ಯಾರು ಅಂತ ಹಾಕ್ಲಿ?”

“ಅವನೇ.”

“ಅವರು ಹೇಳ್ಲಿಲ್ಲ ಸಾರ್. ನೀವು ಹೇಳಿದ್ದು.”

ಈ ಕೋಣೆಯ ಮಾತೂ ಧ್ವನಿಮುದ್ರಣವಾಗುತ್ತದೆ ಎಂಬುದು ಅಧಿಕಾರಿಗೆ ಆಗ ನೆನಪಾಯಿತು.

“ಯಾವ ಹೋಲಿಕೆಯಿಂದ ಹಾಗೆ ತೀರ್ಮಾನಿಸಿದ್ದು ಅಂತಲೂ ಬರೀಬೇಕು ಸಾರ್,” ಎಂದಳು ಅವಳು. “ಹೊಟ್ಟೆ, ಗೋಧಿ, ಬೆಳಕು ಬಿದ್ರೆ ಓಡೋದು...”

“ನಿಲ್ಸಮ್ಮಾ!” ಅಧಿಕಾರಿ ಮೇಲಧಿಕಾರಿಗೆ ಫೋನು ಮಾಡಿದ. “ಸಾರ್, ಆ ಪ್ರಾಣಿ ಅಂದ್ರೆ ಆ ದೊಡ್ಡವರೇ ಅಂತ ನಮ್ಮ ಅಭಿಪ್ರಾಯ...” ಅತ್ತಲಿಂದ, “ನಮ್ಮ ಅನ್ಬೇಡಯ್ಯಾ, ನಿನ್ನ ಅನ್ನು!” ಎಂಬ ಕೂಗು ಪಾಷಾಣಣ್ಣನಿಗೂ ಕೇಳಿಸಿತು. ಮೇಲಧಿಕಾರಿ ತಮ್ಮ ಮೇಲಿನವರನ್ನು ಕೇಳಿದರು. ಅವರು ತಮಗೆ ಜ್ವರವೆಂದರು. ಅವರ ಮೇಲಿನವರು ಪ್ರವಾಸ ಹೊರಟರು. ಸಚಿವರನ್ನು ಮನಸ್ಸಿನಲ್ಲೇ ಹೆಗ್ಗಣ ಎಂದುಕೊಳ್ಳದವರು ಆ ಇಲಾಖೆಯಲ್ಲಿ ಒಬ್ಬರೂ ಇರಲಿಲ್ಲ. ಹಾಗೆಂದು ಬರೆದು ಸಹಿ ಹಾಕಲು ತಯಾರಿದ್ದವರೂ ಒಬ್ಬರಿರಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಅಧಿಕಾರಿ ಸೋತ ಮುಖ ಹೊತ್ತು ವಾಪಸು ಬಂದ. “ಹೋಗು,” ಎಂದ.

“ಹಾಗಾದ್ರೆ ತಪ್ಪಾಗಿ ಕೇಳಿಸ್ಕೊಂಡಿದ್ರಿ ಅಲ್ವಾ ಸಾರ್?”

“ಇಲಾಖೆ ತಪ್ಪಾಗಿ ಕೇಳಿಸ್ಕೊಳಲ್ಲ. ನೀನು ತಪ್ಪಾಗಿ ಮಾತಾಡಿದ್ದೀಯ.” ಒಂದು ಕಾಗದ ಮುಂದೆ ತಳ್ಳಿದ. “ಸಹಿ ಹಾಕು. ಇನ್ಮೇಲೆ ಫೋನಲ್ಲಿ ಹೆಗ್ಗಣ ಅನ್ನಬಾರದು. ಇಲಿ, ವಿಷ, ಬಿಲ ಏನೂ ಅನ್ನಬಾರದು. ಒಂದು ಸಲ ಅಂದ್ರೂ ನಿನ್ನನ್ನ ಗಮನಿತರಿಗೆ ಸೇರಿಸ್ತೀವಿ. ಮಗಳ ಆದೇಶ ನಾಳೆ ಅಲ್ವಾ?”

ಮಗಳ ವಿಷಯ ಇವನಿಗೆ ಹೇಗೆ ಗೊತ್ತು ಎಂದು ಪಾಷಾಣಣ್ಣ ಕೇಳಲಿಲ್ಲ. ಸಹಿ ಹಾಕಿದ. ಬಾಗಿಲವರೆಗೆ ಹೋದವನು ತಿರುಗಿ ನಿಂತ.

“ಸಾರ್, ಜಿರಲೆ ಅನ್ನಬಹುದಾ?”

ಅಧಿಕಾರಿ ಕಾಗದವನ್ನು ಇನ್ನೊಮ್ಮೆ ಓದಿದ. “ಸದ್ಯಕ್ಕೆ ಅನ್ನು. ಅದಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.”

ಅವನು ಮನೆಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಹೆಂಡತಿ ಓಡಿಬಂದು ಕೆನ್ನೆ ಮುಟ್ಟಿ ನೋಡಿದಳು. ಮಗಳು ಶಾಲೆಯಿಂದ ಬಂದ ಸೀರೆಯಲ್ಲೇ ನಿಂತಿದ್ದಳು. ಪಾಷಾಣಣ್ಣ ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದ. ಮತ್ತೆ ತೊಳೆದ. ಬಂದು ಹೆಂಡತಿಯಿಂದ ದೂರದ ಕುರ್ಚಿಯಲ್ಲಿ ಕುಳಿತ.

“ಯಾಕ್ರೀ ಅಷ್ಟು ದೂರ ಕೂತ್ರಿ? ಇಲ್ಲಿ ಬನ್ನಿ.”

“ಏನಿಲ್ಲ. ಇಲ್ಲೇ ಗಾಳಿ ಬರ್ತಿದೆ,” ಎಂದ ಅವನು.

ಬೀದಿಯವರು ಸಮಾಚಾರ ತಿಳಿಯಲು ಒಬ್ಬೊಬ್ಬರೇ ಒಳಗೆ ಬಂದರು. ಹೆಡ್‌ಮಾಸ್ತರರು ಒಳ್ಳೆಯ ಕುರ್ಚಿ ನೋಡಿ ಕುಳಿತು, “ನಾನು ಹೇಳಿರ್ಲಿಲ್ವಾ? ಬಿಟ್ಟುಬಿಟ್ರು ನೋಡಿ. ತಪ್ಪಿಲ್ಲದೋರಿಗೆ ಏನೂ ಆಗಲ್ಲ,” ಎಂದರು.

“ಬೆಳಿಗ್ಗೆಯಿಂದ ಆಗಿದ್ದು ಏನೂ ಅಲ್ವಾ ಮಾಸ್ತರೇ?” ಎಂದಳು ಮಗಳು. “ಅಪ್ಪನ ಕೆನ್ನೆ ನೋಡಿ. ನಮ್ಮನೆ ನೋಡಿ. ಒಂದೊಂದು ಬಟ್ಟೆನೂ ಬಿಡದೆ ಬಗೆದು ಹೋಗಿದಾರೆ. ನಾಳೆ ನಿಮ್ಮನೇಗೆ ಬಂದ್ರೂ ಏನೂ ಆಗಲ್ಲ ಅಂತೀರಾ?”

ಮಾಸ್ತರರು ಮಾತು ಬದಲಿಸಲು ಟೀ ಇದೆಯೇ ಎಂದು ಕೇಳಿದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಗೋದಾಮಿನ ಗುಮಾಸ್ತ. ಪಾಷಾಣಣ್ಣ ಫೋನಿನ ಕಡೆ ಹಾವು ಕಂಡಂತೆ ನೋಡಿದ. ಎತ್ತಿದರೆ ಏನೆಂದು ಮಾತಾಡುವುದು? ಎತ್ತದಿದ್ದರೆ ಗೋದಾಮಿನ ಕೆಲಸ ಕೈಬಿಟ್ಟು ಹೋಗುತ್ತದೆ. ಅವನು ಕೈ ಚಾಚದೆ ಇರುವುದನ್ನು ಕಂಡು ಹೆಂಡತಿ ತಾನೇ ಎತ್ತಿದಳು. ಇಡೀ ಬೀದಿಯಲ್ಲಿ ಅವಳಷ್ಟು ಚುರುಕು ಬುದ್ಧಿಯ ಹೆಂಗಸಿಲ್ಲ ಎಂದು ಪಾಷಾಣಣ್ಣ ಯಾವಾಗಲೂ ಹೇಳುತ್ತಿದ್ದ.

“ಅಕ್ಕಾ, ಆ ದೊಡ್ಡ ಹೆ...” ಎಂದು ಗುಮಾಸ್ತ ಶುರು ಮಾಡಿದ.

“ಆ ಹೆಸರು ಎತ್ತಬೇಡಿ ಅಣ್ಣಾ!” ಎಂದು ಅವಳು ಚೀರಿದಳು. ಆಮೇಲೆ ದನಿ ಇಳಿಸಿ, “ಇನ್ಮೇಲೆ ನಮ್ಮನೇಲಿ ಹಾಗೆಲ್ಲಾ ಕರೆಯಲ್ಲ. ಮರ್ಯಾದೆಯಿಂದ... ದೊಡ್ಡ ಸಾಹೇಬ್ರು ಅನ್ನಿ,” ಎಂದಳು.

ಅತ್ತಲಿದ್ದವನು ಸರ್ಕಾರಿ ಗುಮಾಸ್ತ, ಸೂಕ್ಷ್ಮ ಬೇಗ ಹಿಡಿದ. “ಆಯ್ತಕ್ಕಾ. ದೊಡ್ಡ ಸಾಹೇಬ್ರು ಇವತ್ತು ಮತ್ತೆ ಚೀಲ ಕೊರೆದಿದಾರೆ ಅಂತ ಅಣ್ಣಂಗೆ ಹೇಳಿ.”

ಹೆಂಡತಿ ಫೋನಿನ ಸದ್ದು ಜೋರು ಮಾಡಿ ಎಲ್ಲರಿಗೂ ಕೇಳಿಸಿದಳು. ದರ್ಜಿ ಕಿಸಕ್ಕೆಂದು ನಕ್ಕ. ಮಗಳ ಮುಖದಲ್ಲೂ ನಗೆ ಮೂಡಿತು. ಪಾಷಾಣಣ್ಣನಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಎಷ್ಟು ಸುಲಭ! ಕಾಗದದಲ್ಲಿ ಈ ಮಾತು ಇರಲಿಲ್ಲ. ಇಷ್ಟು ಗೌರವದ ಮಾತಿಗೆ ಯಾವ ಕಿವಿ ಏನು ಮಾಡೀತು? ಅವನು ಫೋನು ಕಿತ್ತುಕೊಂಡು ತನ್ನ ಎಂದಿನ ಗಂಟಲಿನಲ್ಲಿ ಕೂಗಿದ.

“ಗುಮಾಸ್ತರೇ, ನಾಳೆ ಬೆಳಿಗ್ಗೆನೇ ಬರ್ತೀನಿ! ಸಾಹೇಬ್ರಿಗೆ ಭರ್ಜರಿ ಊಟ ಇಡ್ತೀನಿ. ಒಂದು ತುತ್ತು ತಿಂದ್ರೆ ಸಾಕು, ಬಾಯಾರಿ ಹೊರಗೆ ಬಂದು ಚರಂಡೀಲಿ ಬೀಳ್ತಾರೆ. ಬಾಲ ಹಿಡಿದು ಎತ್ತಿ ಆಚೆ ಎಸೆದುಬಿಡಿ!”

“ಸಣ್ಣ ಸಾಹೇಬ್ರುಗಳು?”

“ಅವರಿಗೂ ಅದೇ ಊಟ! ಇಡೀ ವಂಶ ನಿರ್ವಂಶ ಮಾಡ್ತೀನಿ!”

ಮನೆಯೆಲ್ಲ ಗೊಳ್ಳೆಂದಿತು. ಹೆಡ್‌ಮಾಸ್ತರರಿಗೂ ಹುರುಪು ಬಂತು. ಫೋನಿಗೆ ಬಾಯಿ ಹತ್ತಿರ ತಂದು, “ಸಾಹೇಬ್ರ ಬಾಲ ಎಷ್ಟುದ್ದ ಇದೆ ಕೇಳಯ್ಯಾ!” ಎಂದರು. ಆ ದಿನ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಆಗಲೇ. ಟೀ ಬಂತು. ದರ್ಜಿ ಬೋನನ್ನು ತೋರಿಸಿ, “ಸಾಹೇಬ್ರ ಕಚೇರಿ,” ಎಂದ. ಮತ್ತೆ ನಕ್ಕರು.

ಟೀ ಲೋಟ ತೊಳೆದಿಡುವಷ್ಟರಲ್ಲಿ ಅದೇ ಜೀಪು ಬಾಗಿಲಿಗೆ ಬಂದು ನಿಂತಿತು.

ಅಧಿಕಾರಿಯ ಮುಖ ಈಗ ಬಡ್ತಿ ಸಿಕ್ಕವನ ಮುಖದಂತಿತ್ತು. ಟೈಪು ಮಾಡುವವಳನ್ನೂ ಜೊತೆಗೆ ಕರೆತಂದಿದ್ದ. ಬೀದಿಯವರ ಎದುರಿಗೇ ಕೇಳಿದ.

“ಸಾಹೇಬ್ರು ಅಂದ್ರೆ ಯಾರು?”

ಸಾಹೇಬರನ್ನು ಬಾಲ ಹಿಡಿದು ಎಸೆಯುವ ಮಾತು, ವಂಶ ನಿರ್ವಂಶ ಮಾಡುವ ಮಾತು ಈಗ ಬೇರೆಯದೇ ದನಿಯಲ್ಲಿ ಪಾಷಾಣಣ್ಣನ ಕಿವಿಯಲ್ಲಿ ಮೊರೆಯಿತು. ಅವನು ಎರಡೂ ಕೈ ಜೋಡಿಸಿದ.

“ಯಾವ ಸಾಹೇಬ್ರಿಗೂ ಅಂದಿದ್ದಲ್ಲ ಸಾರ್! ನಮ್ಮನೇಲಿ ಸಾಹೇಬ್ರು ಅಂದ್ರೆ ಹೆಗ್ಗಣ ಸಾರ್, ಹೆಗ್ಗಣ!”

ಬೀದಿಯ ಆ ತುದಿಯವರೆಗೂ ಕೇಳಿಸಿತು.

“ಇದನ್ನ ಹೇಳಿದ್ದು ಯಾರು ಅಂತ ಹಾಕ್ಬೇಕಮ್ಮಾ?” ಎಂದು ಅಧಿಕಾರಿ ಸವಿಯಾಗಿ ಕೇಳಿದ.

“ಅವರೇ ಸಾರ್,” ಎಂದಳು ಅವಳು, ತಲೆಯೆತ್ತದೆ.

“ಬೆಳಿಗ್ಗೆ ಹೆಗ್ಗಣ ಅಂದ್ರೆ ಸಾಹೇಬ್ರು ಅಂತ ಬರೆಯೋಕೆ ನಮ್ಮಲ್ಲಿ ಯಾರಿಗೂ ಧೈರ್ಯ ಇರ್ಲಿಲ್ಲ,” ಎಂದ ಅಧಿಕಾರಿ. “ನಮ್ಮ ಕೆಲಸ ನೀನೇ ಮಾಡ್ಕೊಟ್ಟೆ. ಈ ಸಂಕೇತ ಭಾಷೆ ಹೇಳ್ಕೊಟ್ಟಿದ್ದು ಯಾರು?”

ಹೆಂಡತಿ ಬಾಯಿ ತೆರೆಯುವ ಮೊದಲೇ ಪಾಷಾಣಣ್ಣ, “ನಾನೇ ಸಾರ್,” ಎಂದ. ಅವನು ಆ ದಿನ ಇಲಾಖೆಯವರಿಗೆ ಹೇಳಿದ ಒಂದೇ ಒಂದು ಸುಳ್ಳು ಅದು. ಹೆಂಡತಿಯ ಮಾತು ಯಂತ್ರದಲ್ಲೇ ಇದ್ದರೂ ಅದನ್ನು ಮಾತ್ರ ಅವರು ಕೂಡಲೇ ನಂಬಿದರು.

ಹೆಡ್‌ಮಾಸ್ತರರು ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳಲು ನೋಡಿದರು. ಪೇದೆ ಅವರ ರಟ್ಟೆ ಹಿಡಿದ. “ಬಾಲದ ಉದ್ದ ಕೇಳಿದೋರು ನೀವೇ ಅಲ್ವಾ? ನೀವೂ ನಡೀರಿ.” ಮಾಸ್ತರರ ಬಾಯಿಂದ ಪಾಠ ಹೊರಡಲಿಲ್ಲ.

ಮಗಳು ಮುಂದೆ ಬಂದಳು. “ಸಾರ್, ನನ್ನ ಆದೇಶ...”

“ಯಾವ ಆದೇಶಮ್ಮಾ?” ಎಂದು ಅಧಿಕಾರಿ ಜೀಪು ಹತ್ತಿದ.

ಅವಳು ಅಳಲಿಲ್ಲ. ಜೀಪಿನ ಹಿಂದೆ ಎರಡು ಹೆಜ್ಜೆ ಓಡಿ, “ಅಪ್ಪಾ, ನೀನೇನೂ ತಪ್ಪು ಮಾಡಿಲ್ಲ! ಯಾವುದಕ್ಕೂ ಸಹಿ ಹಾಕ್ಬೇಡ!” ಎಂದು ಅಪ್ಪನ ಗಂಟಲಿನಲ್ಲೇ ಕೂಗಿದಳು.

ಮತ್ತೆ ಅದೇ ಕಿಟಕಿಯಿಲ್ಲದ ಕೋಣೆ, ಅದೇ ಸ್ಟೂಲು, ತೊಡೆಯ ಕೆಳಗೆ ಅವವೇ ಕೈಗಳು. ಹೇಳಿಕೆ ಸಿದ್ಧವಾಗಿತ್ತು. ಅಧಿಕಾರಿ ಬಿಸ್ಕತ್ತು ಕಡಿಯುತ್ತ ಓದಿ ಮುಗಿಸಿದ.

“ಇನ್ನೊಂದೇ ಪ್ರಶ್ನೆ. ಉತ್ತರ ಗೊತ್ತಿರೋದೇ, ಆದ್ರೂ ನಿಯಮದ ಪ್ರಕಾರ ಕೇಳ್ಲೇಬೇಕು. ಹೆಗ್ಗಣ ಅಂದ್ರೆ ಯಾರು?”

ಪಾಷಾಣಣ್ಣ ಮೇಜಿನ ಮೇಲಿನ ಯಂತ್ರವನ್ನು ನೋಡಿದ. ಅದರೊಳಗೆ ಅವನ ಹೆಂಡತಿಯ ಪಿಸುಮಾತು ಇತ್ತು, ಮಗಳ ಅಳು ಇತ್ತು. ತಮ್ಮ ಯಾವ ಯಾವ ಮಾತು ಅಲ್ಲಿದೆ ಎಂದು ಗೊತ್ತೇ ಇಲ್ಲದೆ ಎಷ್ಟೋ ಮನೆಗಳವರು ಈ ಹೊತ್ತಿನಲ್ಲಿ ಫೋನಿಗೆ ಕಿವಿಗೊಟ್ಟು ಕುಳಿತಿದ್ದರು. ಅವನು ತೊಡೆಯ ಕೆಳಗಿನಿಂದ ಕೈ ತೆಗೆದು ಮೇಜಿನ ಮೇಲೆ ಇಟ್ಟ. ಅಧಿಕಾರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಜೀವನದಲ್ಲಿ ಮೊದಲ ಸಲ ಅವನ ದನಿ ಮೆಲ್ಲಗೆ ಬಂತು.

“ನೀವು ಸಾರ್,” ಎಂದ. “ಬೆಳಿಗ್ಗೆ ನಂಗೆ ಗೊತ್ತಿರ್ಲಿಲ್ಲ.”